ಮನೆ ನಂಬರ್ ಹೇಳಿದವಳು

ವೀಣಾ, ನಿನ್ನ ಹೊಸ ಮನೆಯ ವಿಳಾಸವನ್ನು ಮಹಾಂತೇಶನಿಗೆ ಕೊಟ್ಟದ್ದು ಶೋಭಕ್ಕ ಅಲ್ಲ. ನಾನು ಕೊಟ್ಟೆ. ನಿನ್ನ ಗಂಡ ಆ ಬೆಳಿಗ್ಗೆ ಬಂದು ನಿನ್ನ ಎಡಗಣ್ಣು ತೆಗೆದನಲ್ಲ — ಅವನಿಗೆ ದಾರಿ ತೋರಿಸಿದ್ದು, ಯಾವ ಹೊತ್ತಿಗೆ ಬೆಲ್ ಒತ್ತಿದರೆ ನೀನು ಯಾರೆಂದು ನೋಡದೆ ಬಾಗಿಲು ತೆಗೆಯುತ್ತೀಯೆಂದು ತಿಳಿಸಿದ್ದು, ಎರಡೂ ನಾನೇ. ನಾಲ್ಕು ವರ್ಷದಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ಮನೆಯಲ್ಲಿ ಊಟ ಮಾಡಿದ್ದೇನೆ.

ಹೇಗಾಯಿತೆಂದು ಹೇಳುತ್ತೇನೆ. ಹೇಳುವಾಗ ನನ್ನ ಪರವಾಗಿ ಒಂದೆರಡು ಮಾತು ನುಸುಳಿಬಂದರೆ ನಂಬಬೇಡ. ನನ್ನದು ಮಾರಾಟ ಮಾಡಿ ಪಳಗಿದ ನಾಲಿಗೆ, ಹುಳುಕು ಮಾಲನ್ನೂ ಹೊಳಪು ಬರಿಸಿಯೇ ತೋರಿಸುತ್ತದೆ.

ಆಗ ನಾನು ಆಮರ್ಸ್‌ಫೋರ್ಟಿನ ಒಂದು ಚಿಕ್ಕ ಕರೆಂಟ್ ಕಂಪನಿಯಲ್ಲಿದ್ದೆ. ಕರೆಂಟು ತಯಾರಿಸುವವರಲ್ಲ, ತಂತಿ ಎಳೆಯುವವರೂ ಅಲ್ಲ — ಸಗಟಿನಲ್ಲಿ ಕೊಂಡು ಮನೆಮನೆಗೆ ಮಾರುವವರು. ಇಲ್ಲಿ ಅಂಥ ಕಂಪನಿಗಳು ಬೇಕಾದಷ್ಟಿವೆ. ಯಾರಿಂದ ಕೊಂಡರೂ ಬರುವುದು ಅದೇ ತಂತಿಯಲ್ಲಿ, ಉರಿಯುವುದು ಅದೇ ದೀಪ. ಬದಲಾಗುವುದು ಬಿಲ್ಲಿನ ಮೇಲಿನ ಹೆಸರು ಮತ್ತು ನಾಲ್ಕು ಕಾಸು. ಆ ಹೆಸರಿಗಾಗಿ ನಾವು ಒಬ್ಬರ ಕತ್ತು ಒಬ್ಬರು ಹಿಸುಕುತ್ತಿದ್ದೆವು. ನನ್ನದು ಇಂಗ್ಲಿಷ್ ಮಾತಾಡುವ ಗ್ರಾಹಕರ ವಿಭಾಗ. ಹೊಸದಾಗಿ ಬಂದ ಭಾರತೀಯರು, ಅದರಲ್ಲೂ ಕನ್ನಡದವರು, ನನ್ನ ಪಾಲೆಂದೇ ತಿಳಿದಿದ್ದೆ. ಯುಟ್ರೆಕ್ಟಿನಿಂದ ಐಂಡ್‌ಹೋವನ್‌ವರೆಗೆ ಎಲ್ಲ ಕನ್ನಡ ವಾಟ್ಸಾಪ್ ಗುಂಪುಗಳಲ್ಲೂ ನನ್ನ ಸ್ವಂತ ಮೊಬೈಲ್ ನಂಬರ್ ಓಡಾಡುತ್ತಿತ್ತು. ಒಬ್ಬ ಗ್ರಾಹಕ ಬೇರೆ ಕಂಪನಿಗೆ ಹಾರಿದರೆ ಕಪಾಳಕ್ಕೆ ಹೊಡೆಸಿಕೊಂಡ ಹಾಗಾಗುತ್ತಿತ್ತು. ಬೇರೆಯವರದನ್ನು ಕಿತ್ತುಕೊಂಡ ದಿನ ಮನೆಗೆ ಬಂದು ಶಾವಿಗೆ ಪಾಯಸ ಮಾಡುತ್ತಿದ್ದೆ — ನಗಬೇಡ, ನಿಜವಾಗಿ ಮಾಡುತ್ತಿದ್ದೆ.

ನೀನು ಹಾಗೆ ಸಿಕ್ಕವಳು. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟಿದ್ದೆ. ಮೈಸೂರಿನ ಶೋಭಕ್ಕ, ಯಾರ ಕಷ್ಟಕ್ಕೂ ಮೊದಲು ಓಡುವ ಹೆಂಗಸು, ನಿನಗೊಂದು ಸಣ್ಣ ಮನೆ ಹುಡುಕಿಕೊಟ್ಟಿದ್ದರು. ಆ ಮನೆಗೆ ಕರೆಂಟು ಬೇಕಿತ್ತು, ನನಗೆ ಫೋನ್ ಮಾಡಿದೆ. ನಾನು ಧಾರವಾಡದವಳೆಂದು ಗೊತ್ತಾದಾಗ ನಿನ್ನ ದನಿಯೇ ಬದಲಾಯಿತು. “ಅಕ್ಕಾ, ಈ ಅಡ್ರೆಸ್ ಯಾರ ಮುಂದೂ ಹೇಳಬ್ಯಾಡ್ರಿ. ಅಂವಗ ಗೊತ್ತಾದ್ರ ನನ್ನ ಜೀವ ಇಡೂದಿಲ್ಲ” ಎಂದೆ. ಕಂಪನಿ ಯಾರ ವಿಳಾಸವನ್ನೂ ಯಾರಿಗೂ ಕೊಡುವುದಿಲ್ಲ, ನಿಶ್ಚಿಂತೆಯಿಂದ ಮಲಗು ಎಂದು ನಾನು ನಕ್ಕೆ. ಅಷ್ಟೇ ಅಲ್ಲ, ಹೊಸ ಗ್ರಾಹಕರಿಗೆ ನಾವು ಪುಕ್ಕಟೆ ಕೊಡುತ್ತಿದ್ದ, ಮನೆಯ ಹೀಟರಿನ ಬಿಸಿ ಏರಿಳಿಸುವ ಥರ್ಮೋಸ್ಟಾಟನ್ನೂ ನಿನಗೆ ಗೊತ್ತು ಮಾಡಿದೆ. ಪಕ್ಕದ ಕಂಪನಿ ಕೇಕು ಕೊಡುತ್ತಿತ್ತು, ನಾವು ಥರ್ಮೋಸ್ಟಾಟು. ಗುರುವಾರ ಬೆಳಿಗ್ಗೆ ನಮ್ಮ ಮೆಕ್ಯಾನಿಕ್ ಬಂದು ಗೋಡೆಗೆ ಹಾಕಿ ಹೋಗುತ್ತಾನೆಂದು ಹೇಳಿದೆ.

ಅದೇ ವಾರ ಮಹಾಂತೇಶ ನನ್ನ ಮೊಬೈಲಿಗೆ ಫೋನ್ ಮಾಡಿದ. ಎಷ್ಟು ಮೆತ್ತಗೆ ಮಾತಾಡಿದನೆಂದರೆ — ನಮ್ಮ ಅಣ್ಣನೇ ಮಾತಾಡಿದಂತಿತ್ತು. ಹೆಂಡತಿ ಹೊಸ ಮನೆ ಮಾಡಿದ್ದಾಳೆ, ಕರೆಂಟು ನಿಮ್ಮ ಹತ್ತಿರವೇ ತಗೊಂಡಿರಬೇಕು, ನಾನೂ ಸದ್ಯದಲ್ಲೇ ಅಲ್ಲಿಗೆ ಹೋಗುತ್ತೇನೆ ಎಂದ. ಅಲ್ಲಿಯವರೆಗೆ ಈ ಮನೆಯ ಕರೆಂಟು, ಗ್ಯಾಸು ಎರಡನ್ನೂ ನಿಮಗೇ ಕೊಡುತ್ತೇನೆ, ಬೇರೆ ಎರಡು ಕಂಪನಿಯವರು ಬೆನ್ನು ಬಿದ್ದಿದ್ದಾರೆ, ಆದರೆ ನಮ್ಮವರು ಇರುವಾಗ ಬೇರೆಯವರಿಗೇಕೆ ಎಂದ. ಆಫೀಸಿನಲ್ಲಿ ನಮ್ಮ ಕಡೆಯವರು ಇನ್ನೂ ಕೆಲವರಿದ್ದಾರೆ, ಅವರನ್ನೂ ಕರೆತರುತ್ತೇನೆ ಎಂದ. ಕೊನೆಗೆ ಕೇಳಿದ: “ಅಕ್ಕಾರ, ಆ ಮನೀ ನಂಬರ್ ಮರತೇನ್ರಿ. ಒಂದೀಟು ನೋಡಿ ಹೇಳ್ತೀರೇನ್ರಿ?”

ನಿನ್ನ ಮಾತು ಆಗ ನೆನಪಾಗಲಿಲ್ಲ ಎಂದು ಬರೆಯಬೇಕೆಂದಿದ್ದೆ. ಎರಡು ಸಲ ಬರೆದು ಹೊಡೆದು ಹಾಕಿದೆ. ನೆನಪಾಯಿತು, ವೀಣಾ. ಚೆನ್ನಾಗಿಯೇ ನೆನಪಾಯಿತು. ಆದರೆ ಗಂಡ ಹೆಂಡಿರ ಜಗಳ, ರಾಜಿಯಾಗಲು ಬರುತ್ತಿದ್ದಾನೆ, ಇಷ್ಟು ಮರ್ಯಾದೆಯಿಂದ ಮಾತಾಡುವವನು ಅಂಥವನಿರಲಾರ — ಇದನ್ನೆಲ್ಲ ಒಂದೇ ಉಸಿರಿಗೆ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತಿರುವಾಗಲೇ ಕೈ ಕಂಪ್ಯೂಟರಿನಲ್ಲಿ ನಿನ್ನ ಹೆಸರು ಹುಡುಕುತ್ತಿತ್ತು. ಕೈಗೆ ಬಂದ ಗಿರಾಕಿ ಪಕ್ಕದ ಕಂಪನಿಗೆ ಹೋಗಬಾರದು — ಅದೊಂದೇ ನಿಜವಾದ ಕಾರಣ. ಪೋಸ್ಟ್‌ಕೋಡ್, ಮನೆ ನಂಬರ್ ಎರಡನ್ನೂ ಹೇಳಿದೆ. ಈ ದೇಶದಲ್ಲಿ ಆ ಎರಡು ಸಾಕು, ಯಾರ ಬಾಗಿಲಿಗಾದರೂ ಹೋಗಿ ನಿಲ್ಲಬಹುದು. ಅವನು ಕೇಳದಿದ್ದರೂ, ಗುರುವಾರ ಬೆಳಿಗ್ಗೆ ನಮ್ಮ ಮೆಕ್ಯಾನಿಕ್ ಬರುತ್ತಾನೆ, ಯಾರಾದರೂ ಮನೆಯಲ್ಲಿರಲಿ ಎಂದೂ ಸೇರಿಸಿದೆ. ಒಳ್ಳೆಯ ಸೇವೆ!

ಮೆಕ್ಯಾನಿಕ್ ವಿಲ್ಲೆಮ್ ಆ ಗುರುವಾರ ಮಧ್ಯಾಹ್ನ ಆಫೀಸಿಗೆ ಬಂದಾಗ ಅವನ ಅಂಗಿಯ ತೋಳೆಲ್ಲ ರಕ್ತ. ಬೀದಿಗೇ ಕೇಳಿಸುತ್ತಿತ್ತಂತೆ, ಏನೋ ಬಡಿಯುವ ಸದ್ದು. ಮನೆಯಲ್ಲಿ ಯಾರೋ ಮರಗೆಲಸ ಮಾಡಿಸುತ್ತಿದ್ದಾರೆ ಎಂದುಕೊಂಡನಂತೆ. ಬಾಗಿಲು ಅರ್ಧ ತೆರೆದಿತ್ತು. ಬಾಗಿಲ ಪಕ್ಕದಲ್ಲೇ ಇರುವ ಮೀಟರ್ ಕಪಾಟಿನ ಅಂಚಿಗೆ ಮಹಾಂತೇಶ ನಿನ್ನ ಜಡೆ ಹಿಡಿದು ಮುಖ ಜಜ್ಜುತ್ತಿದ್ದ. ನೀನು ಆಗಲೇ ಕೂಗುವುದನ್ನು ನಿಲ್ಲಿಸಿದ್ದೆಯಂತೆ. ವಿಲ್ಲೆಮ್ ಡ್ರಿಲ್ ಪೆಟ್ಟಿಗೆಯಿಂದ ಅವನ ಕೈಗೆ ಬಲವಾಗಿ ಹೊಡೆದ. ಬೆರಳು ಮುರಿದ ಸದ್ದು ಕೇಳಿಸಿತಂತೆ, ಆದರೂ ಅವನು ಜಡೆ ಬಿಡಲಿಲ್ಲ. ಎರಡನೇ ಏಟಿಗೆ ಬಿಟ್ಟ. ವಿಲ್ಲೆಮ್ ಅವನ ಬೆನ್ನ ಮೇಲೆ ಮಂಡಿಯೂರಿ ಪೊಲೀಸರು ಬರುವವರೆಗೆ ಕೂತಿದ್ದ. ಇದನ್ನೆಲ್ಲ ಹೇಳಿ, ಅವಳು ನಗುತ್ತಾ ಬಾಗಿಲು ತೆಗೆದಿರಬೇಕು, ನಾನೇ ಬಂದೆನೆಂದುಕೊಂಡು ಎಂದ. ನಾನು ಎದ್ದು ಶೌಚಾಲಯಕ್ಕೆ ಹೋದೆ. ಮುಖ ತೊಳೆದು ಬಂದು, ಮತ್ತೆ ಫೋನ್ ಎತ್ತಿ ಕೆಲಸ ಮಾಡಿದೆ.

ಆಸ್ಪತ್ರೆಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದೆನಲ್ಲ, ನೆನಪಿದೆಯೇ? ಪ್ರೀತಿಯಿಂದ ಬಂದೆನೆಂದು ನೀನು ತಿಳಿದೆ. ನಿನಗೇನು ಗೊತ್ತಾಗಿದೆ ಎಂದು ತಿಳಿಯಲು ಬಂದಿದ್ದೆ. ನಿನ್ನ ಮುಖ ಪೂರ್ತಿ ಬ್ಯಾಂಡೇಜಿನಲ್ಲಿತ್ತು, ಒಂದು ಕಣ್ಣು ಮಾತ್ರ ಹೊರಗೆ. ಆ ಕಣ್ಣಿನಿಂದ ನನ್ನನ್ನೇ ನೋಡುತ್ತಾ ನೀನು ಹೇಳಿದೆ: “ಗೊತ್ತಿದ್ದವರು ಇಬ್ಬರಽ ಅಕ್ಕಾ. ನೀವು, ಶೋಭಕ್ಕ. ನೀವು ನಮ್ಮ ಕಡೆಯವರು, ನೀವು ಹೇಳೂದಿಲ್ಲ. ಹಂಗಾರ ಅಕಿನಽ ಹೇಳ್ಯಾಳಲ್ಲರಿ?”

“ಇರಬಹುದು” ಎಂದೆ ನಾನು.

ಒಂದೇ ಮಾತು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ — ಎಷ್ಟು ಜಾಣತನದ ಮಾತು ನೋಡು. ಮಹಾಂತೇಶ ನಿನ್ನ ಮುಖ ಒಡೆದ. ನಿನಗೆ ಉಳಿದಿದ್ದ ಒಬ್ಬಳೇ ಗೆಳತಿಯನ್ನು ನಾನು ಒಡೆದೆ. ಅಂದು ಸಂಜೆ ಮನೆಗೆ ಬಂದರೆ ನನ್ನ ಮಗಳು, ಆಗ ಒಂಬತ್ತು ವರ್ಷ, ಎಲ್ಲ ಕೇಳಿಸಿಕೊಂಡು “ಬಟ್ ಅಮ್ಮಾ, ಹೂ ಟೋಲ್ಡ್ ಹಿಮ್?” ಎಂದಳು. ಕೆನ್ನೆಗೆ ಬಾರಿಸಿದೆ. ಅವಳನ್ನು ಅದಕ್ಕೆ ಮೊದಲು ಯಾವತ್ತೂ ಹೊಡೆದವಳಲ್ಲ. ಏಕೆ ಹೊಡೆದೆನೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಮುಂದಿನದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ, ನಿನ್ನ ಕೈ ಮಾಡಿದ್ದಕ್ಕೂ ನಾನೇ ಹೊಣೆ. ಆ ವರ್ಷ ನಮ್ಮ ಕನ್ನಡದವರ ದೀಪಾವಳಿ ಊಟದ ದಿನ, ಎಲ್ಲರೂ ಸಾಲಾಗಿ ನಿಂತಿದ್ದಾಗ, ನೀನು ಕುದಿಯುವ ಸಾರಿನ ಪಾತ್ರೆಗೆ ಸೌಟು ಹಾಕಿ ತುಂಬಿಕೊಂಡು ಶೋಭಕ್ಕನ ಮುಖಕ್ಕೆ ಎರಚಿದೆ. ಅವರು ತಿರುಗಿದ್ದರಿಂದ ಕಣ್ಣು ಉಳಿಯಿತು, ಕತ್ತು ಭುಜ ಸುಟ್ಟಿತು. ಚರ್ಮ ನೋಡನೋಡುತ್ತಲೇ ಕೆಂಪಾಗಿ ಬೊಬ್ಬೆ ಎದ್ದಿತು. “ನಾನು ಹೇಳಿಲ್ಲ ಕಣೇ” ಎಂದರು, ಅಷ್ಟೇ. ಯಾರೂ ನಂಬಲಿಲ್ಲ. ಅವರಿಗೆ ನೀರು ಹಾಕುವ ಬದಲು ಎಲ್ಲರೂ ನಿನ್ನನ್ನು ಸಮಾಧಾನ ಮಾಡಿದರು. ನಿನ್ನನ್ನು ಹಿಂದಿನಿಂದ ತಬ್ಬಿ ಹಿಡಿದಿದ್ದವಳು ನಾನು. ನಿನ್ನ ಬೆನ್ನು ನಡುಗುವುದು ನನ್ನ ಎದೆಗೆ ತಾಗುತ್ತಿತ್ತು, ಬಾಯಿ ತೆರೆದರೆ ಸಾಕಿತ್ತು — ತೆರೆಯಲಿಲ್ಲ. ಶೋಭಕ್ಕ ಯುಟ್ರೆಕ್ಟ್ ಬಿಟ್ಟು ಐಂಡ್‌ಹೋವನ್ನಿಗೆ ಹೋದರು.

ಕೋರ್ಟಿನಲ್ಲಿ ಮಹಾಂತೇಶ ನನ್ನ ಹೆಸರೆತ್ತಲಿಲ್ಲ. ಸ್ಥಳದಲ್ಲೇ ಸಿಕ್ಕಿಬಿದ್ದವನು, ವಿಳಾಸ ಹೇಗೆ ಸಿಕ್ಕಿತೆಂದು ಯಾರೂ ಹೆಚ್ಚು ಕೆದಕಲಿಲ್ಲ. ಅವನೇಕೆ ಸುಮ್ಮನಿದ್ದ ಎಂದು ಬಹಳ ದಿನ ಯೋಚಿಸಿದೆ, ಪುಣ್ಯವೆಂದುಕೊಂಡೆ. ಈಗ ಬೇರೆ ಏನೋ ಹೊಳೆಯುತ್ತದೆ. ನಾನು ಇನ್ನೊಮ್ಮೆ ಉಪಯೋಗಕ್ಕೆ ಬರುತ್ತೇನೆಂದು ಎತ್ತಿಟ್ಟಿರಬೇಕು. ಮುಂದಿನ ತಿಂಗಳು ಅವನ ಬಿಡುಗಡೆ. ಅವನಿಗೆ ಇಲ್ಲಿಯದೇ ಪಾಸ್‌ಪೋರ್ಟು ಇದೆ, ಊರಿಗೆ ಅಟ್ಟಿಬಿಡುತ್ತಾರೆ ಎನ್ನುವ ಹಾಗೂ ಇಲ್ಲ.

ಕಳೆದ ವಾರ ನೀನು ಬಂದೆ. ಮತ್ತೆ ಮನೆ ಬದಲಿಸಿದ್ದೇನೆ, ಈ ಸಲ ನಿಮಗೊಬ್ಬರಿಗೇ ಗೊತ್ತು ಎಂದು ವಿಳಾಸ ಹೇಳಿದೆ. ನಾನೀಗ ಬೇರೆ ಕಂಪನಿಯಲ್ಲಿದ್ದರೂ ಮಾರುವುದು ಅದೇ ಕರೆಂಟು ತಾನೇ. “ಅಕ್ಕಾ, ಕರೆಂಟ್ ನಿಮ್ಮ ಹೆಸರಿನ್ಯಾಗಽ ಮಾಡಸ್ರಿ. ನನ್ನ ಹೆಸರು ಎಲ್ಲೂ ಬ್ಯಾಡ” ಎಂದು ನನ್ನ ಎರಡೂ ಕೈ ಹಿಡಿದುಕೊಂಡೆ. ನಾನು ಆಗಲಿ ಎಂದೆ. ನೀನು ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ತಲೆಯನ್ನು ಗೋಡೆಗೆ ಚಚ್ಚಿಕೊಂಡೆ. ನಿನಗಾದದ್ದರ ಮುಂದೆ ಅದು ನೋವೂ ಅಲ್ಲ.

ನಿನ್ನೆ ಐಂಡ್‌ಹೋವನ್ನಿಗೆ ಹೋಗಿ ಶೋಭಕ್ಕನಿಗೆ ಎಲ್ಲ ಹೇಳಿದೆ. ಒಳಗೆ ಕರೆಯಲಿಲ್ಲ, ಬಾಗಿಲಲ್ಲೇ ನಿಲ್ಲಿಸಿ ಕೇಳಿದರು. ಹೊಡೆಯಲಿ ಎಂದು ಕಾದೆ, ಹೊಡೆಯಲಿಲ್ಲ. ಸೆರಗು ಹೊದ್ದಿದ್ದರೂ ಕತ್ತಿನ ಕಲೆ ಕಾಣುತ್ತಿತ್ತು. ಅವಳಿಗೆ ಹೇಳಿದೆಯಾ ಎಂದು ಕೇಳಿದರು, ಇಲ್ಲ ಎಂದೆ. ಹಾಗಾದರೆ ಮೊದಲು ಇಲ್ಲಿಗೇಕೆ ಬಂದೆ ಎಂದರು. ಬಾಗಿಲು ಹಾಕುವ ಮೊದಲು ಒಂದು ಮಾತು ಕೇಳಿದರು: “ಅವಳ ಉಳಿದ ಕಣ್ಣು ಈಗ ಹೇಗಿದೆ?”

ಇವತ್ತು ಬೆಳಿಗ್ಗೆ ಪೊಲೀಸರ ಹತ್ತಿರ ಹೋಗಿ ನಾನು ಮಾಡಿದ್ದನ್ನೆಲ್ಲ ಬರೆಸಿಕೊಟ್ಟು ಬಂದೆ. ಕೆಲಸ ಹೋಗುತ್ತದೆ, ಹೋಗಲಿ. ನೀನು ಬಂದು ನನ್ನ ಮುಖಕ್ಕೂ ಏನಾದರೂ ಎರಚಿದರೆ ತಿರುಗುವುದಿಲ್ಲ. ಆದರೆ ಅದಕ್ಕೂ ಮೊದಲು ಮಾಡಬೇಕಾದ್ದು ಒಂದಿದೆ. ಮಹಾಂತೇಶ ಹೊರಗೆ ಬಂದ ದಿನ ಮೊದಲು ಬೆಲ್ ಒತ್ತುವುದು ನನ್ನ ಬಾಗಿಲಿನದು. ಅವನು ಒಬ್ಬ ಗಿರಾಕಿಯ ಆಸೆ ತೋರಿಸಿದ್ದಕ್ಕೇ ಹೇಳಿದವಳು ನಾನು. ನನ್ನ ಮಗಳ ಕತ್ತಿಗೆ ಕೈ ಹಾಕಿದರೆ ಹೇಳುವುದಿಲ್ಲ ಎಂದು ನಿನಗೆ ಮಾತು ಕೊಡಲಾರೆ — ನನ್ನನ್ನು ನಾನು ಅಷ್ಟು ನಂಬುವುದಿಲ್ಲ.

ಇದನ್ನು ಓದಿದ ಕೂಡಲೇ ಆ ಮನೆ ಬಿಡು, ವೀಣಾ. ಹೊಸ ವಿಳಾಸವನ್ನು ಶೋಭಕ್ಕನಿಗೆ ಹೇಳು. ನನಗೆ ಹೇಳಬೇಡ.