ಅನ್ನದಲ್ಲಿ ಮುಳ್ಳು ಹುಡುಕುವ ಬೆರಳು

ಬೆಳಿಗ್ಗೆ ಐದೂವರೆ. ಕುಂಭಾಶಿಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗುವ ರಸ್ತೆಯ ಕೊನೆಗೆ ಒಂದು ಉದ್ದನೆಯ ಹಂಚಿನ ಕಟ್ಟಡ. ಅದರ ಹಿಂಬದಿಯ ಅಡುಗೆಮನೆಯಲ್ಲಿ ಪದ್ದಕ್ಕ ಕುಚ್ಚಲಕ್ಕಿ ಗಂಜಿಯ ಪಾತ್ರೆಯೆದುರು ನಿಂತಿದ್ದಾರೆ. ಸೌಟಿನಲ್ಲಿ ನಾಲ್ಕು ಅಗುಳು ತೆಗೆದು ಅಂಗೈಗೆ ಹಾಕಿಕೊಳ್ಳುತ್ತಾರೆ, ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾರೆ, ಇನ್ನೂ ಆಗಲಿಲ್ಲ ಎಂದು ತಲೆ ಆಡಿಸುತ್ತಾರೆ. ಗೋಡೆಯ ಹಲಗೆಯ ಮೇಲೆ ಇಪ್ಪತ್ತಾರು ಬಟ್ಟಲುಗಳಿವೆ, ಒಂದರಂತೆ ಇನ್ನೊಂದಿಲ್ಲ. ಸ್ಟೀಲಿನದ್ದು, ಅಂಚು ಚಕ್ಕೆ ಎದ್ದ ಪಿಂಗಾಣಿಯದ್ದು, ಹಿತ್ತಾಳೆಯದ್ದು, ತಳ ಉಬ್ಬಿ ಕೂರಲಾರದ ಅಲ್ಯೂಮಿನಿಯಮ್ಮಿನದ್ದು. ಇಲ್ಲಿಗೆ ಬರುವ ಹಿರಿಯರು ಬಟ್ಟೆಬರೆಗಿಂತ ಮೊದಲು ಮನೆಯಲ್ಲಿ ಉಣ್ಣುತ್ತಿದ್ದ ಬಟ್ಟಲು ತರಬೇಕು. ಇದು ಪದ್ದಕ್ಕನ ಕಾನೂನು.

ಗಂಜಿ ಬೆಂದ ಮೇಲೆ ಬಡಿಸುವುದು ಶುರು. ಒಂದು ಬಟ್ಟಲಿಗೆ ತಿಳಿ ಮಾತ್ರ, ಇನ್ನೊಂದಕ್ಕೆ ಗಟ್ಟಿ, ಮತ್ತೊಂದಕ್ಕೆ ಉಪ್ಪಿಲ್ಲ. ಹಲ್ಲಿಲ್ಲದ ಗಣಪಯ್ಯನವರದ್ದಕ್ಕೆ ಮಿಡಿ ಉಪ್ಪಿನಕಾಯಿಯ ರಸ ಒಂದು ಚಮಚ, ಮಿಡಿ ಬೇಡ. ಚೀಟಿ ಇಲ್ಲ, ಪಟ್ಟಿ ಇಲ್ಲ. ಹೇಗೆ ನೆನಪಿರುತ್ತದೆ ಎಂದು ಕೇಳಿದರೆ ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡುತ್ತಾರೆ.

“ಬಟ್ಲ್ ಕಂಡ್ರೆ ಮುಖ ಕಂಡಾಂಗೆ ಅಲ್ದಾ? ನಿಮ್ಮನಿಯವ್ರ್ ಮುಖ ನೀವ್ ಬರ್ದಿಟ್ಕಂತ್ರ್ಯಾ?”

ಪದ್ದಕ್ಕನಿಗೆ ಅರುವತ್ತೊಂದು ವರ್ಷ. ದೇವಸ್ಥಾನದ ಭಕ್ತರು ಸೇರಿ ಕಟ್ಟಿಕೊಂಡ ಟ್ರಸ್ಟೊಂದು ನಡೆಸುವ ಈ ಹಿರಿಯರ ಮನೆಯಲ್ಲಿ ಹದಿನಾಲ್ಕು ವರ್ಷಗಳಿಂದ ಅಡುಗೆ ಅವರದ್ದೇ. ಬೆಳಿಗ್ಗೆ ಭಜನೆ, ಸಂಜೆ ದೀಪ ಹಚ್ಚಿ ಮತ್ತೆ ಭಜನೆ. ಗೇಟಿನ ಒಳಗೆ ಮೀನು ಮಾಂಸ ಬರಕೂಡದು ಎಂದು ಬೋರ್ಡಿದೆ.

ನಾನು ಇಲ್ಲಿಗೆ ಲೇಖನ ಬರೆಯಲು ಬಂದವನಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಮೂರು ತಿಂಗಳ ಹಿಂದೆ ತಪ್ಪು ಹುಡುಕಲು ಬಂದಿದ್ದೆ. ನಮ್ಮ ಬಾಗಿ ಚಿಕ್ಕಮ್ಮನನ್ನು ಎಲ್ಲಿ ಬಿಡುವುದೆಂದು ನಾನೂ ನನ್ನ ತಂಗಿ ಸ್ವಾತಿಯೂ ಊರೂರು ಅಲೆಯುತ್ತಿದ್ದ ಕಾಲ ಅದು.

ಬಾಗಿ ಚಿಕ್ಕಮ್ಮ ಬೀಜಾಡಿಯವಳು. ನಲವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಬಸ್ರೂರಿನ ಮನೆಮನೆಗೆ ಮೀನು ಮಾರಿದವಳು. ಮದುವೆಯಾಗಲಿಲ್ಲ. ಅಮ್ಮ ತೀರಿಕೊಂಡ ಮೇಲೆ ನಮ್ಮಿಬ್ಬರನ್ನು ಸಾಕಿದ್ದು ಆ ಬುಟ್ಟಿಯೇ. ಈಗ ಎಪ್ಪತ್ತೆಂಟು. ಸ್ವಾತಿಯ ಮನೆಯಲ್ಲೇ ಇದ್ದಳು, ಚೆನ್ನಾಗಿಯೇ ಇದ್ದಳು. ಆದರೆ ಎರಡು ವರ್ಷದಿಂದ ಮರೆವು. ಸ್ವಾತಿ ಬೆಳಕು ಹರಿಯುವ ಮೊದಲೇ ಗಂಗೊಳ್ಳಿಯ ಬಂದರಿಗೆ ಹೋಗಿ ಮೀನು ಕೊಂಡು ಕುಂದಾಪುರದ ಮಾರುಕಟ್ಟೆಯಲ್ಲಿ ಕೂರಬೇಕು. ಭಾವ ಯೋಗೀಶ್ ಬೋಟಿಗೆ ಹೋದರೆ ಹತ್ತು ದಿನ. ಆ ಹೊತ್ತಲ್ಲಿ ಚಿಕ್ಕಮ್ಮ ಖಾಲಿ ಬುಟ್ಟಿ ತಲೆಗೇರಿಸಿಕೊಂಡು ಬಸ್ರೂರಿಗೆ ಹೊರಟುಬಿಡುತ್ತಿದ್ದಳು. ಮೂರನೆಯ ಸಲ ಅವಳು ಸಿಕ್ಕಿದ್ದು ಹೆದ್ದಾರಿಯ ನಟ್ಟನಡುವೆ. ಲಾರಿಯವನು ಬ್ರೇಕು ಹಾಕಿದ್ದು ಅವನ ಪುಣ್ಯವೋ ನಮ್ಮದೋ ಗೊತ್ತಿಲ್ಲ. ಅವತ್ತು ರಾತ್ರಿ ಸ್ವಾತಿ ಫೋನಿನಲ್ಲಿ ಬರೀ ಅತ್ತಳು.

ಹಾಗೆ ಹುಡುಕಾಟ ಶುರುವಾಯಿತು. ಬ್ರಹ್ಮಾವರದ ಕಡೆ ಒಂದು ಜಾಗ ನೋಡಿದೆವು. ನೆಲ ಕನ್ನಡಿಯಂತಿತ್ತು, ಅಲ್ಲಿದ್ದ ಮುದುಕರು ಟಿವಿಯೆದುರು ಸಾಲಾಗಿ ಕೂತು ಯಾರೂ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಬೈಂದೂರಿನ ದಾರಿಯಲ್ಲಿ ಇನ್ನೊಂದು, ಅಲ್ಲಿ ಕೋಣೆಗೆ ಹೊರಗಿನಿಂದ ಚಿಲಕ. ಕೊನೆಗೆ ಉಳಿದದ್ದು ಕುಂಭಾಶಿಯ ಇದು. ಸಂಜೆ ಭಜನೆಯಿದೆ ಎಂದಾಗ ಚಿಕ್ಕಮ್ಮನ ಮುಖ ಅರಳಿತ್ತು. ಆನೆಗುಡ್ಡೆ ಗಣಪತಿ ಹತ್ತಿರವಾಗುತ್ತಾನೆ ಎಂದೂ ಅಂದಳು. ಸಂಕಷ್ಟಿಯ ದಿನ ಬುಟ್ಟಿ ಮುಟ್ಟದವಳು ಅವಳು.

ಆದರೆ ನನಗೊಂದು ಅಳುಕು. ದೇವರ ಹೆಸರಿನ ಜಾಗ, ಮೀನು ಮಾರಿದವಳನ್ನು ಹೇಗೆ ಕಾಣುತ್ತಾರೋ? ಅವಳ ಆಯುಷ್ಯವೆಲ್ಲ ಎಷ್ಟೋ ಮನೆಗಳ ಅಂಗಳದಾಚೆ ನಿಂತು ವ್ಯಾಪಾರ ಮಾಡಿಯೇ ಕಳೆದಿತ್ತು. ಕೊನೆಗಾಲದಲ್ಲೂ ಅವಳು ಹೊರಗೆ ನಿಲ್ಲುವುದು ನನಗೆ ಬೇಡವಾಗಿತ್ತು. ಹಾಗಾಗಿ ಅರ್ಜಿಯಲ್ಲಿ ಊಟದ ಕಾಲಮ್ಮು ಬಂದಾಗ ‘ಸಸ್ಯಾಹಾರಿ, ಮೀನು ಬಿಟ್ಟು ಹತ್ತು ವರ್ಷವಾಯಿತು’ ಎಂದು ಬರೆದೆ. ಸ್ವಾತಿ ಪಕ್ಕದಲ್ಲೇ ಇದ್ದಳು, ಓದಿದಳು, ಕಾಗದವನ್ನು ನನಗೇ ಮರಳಿಸಿದಳು. ಹಿಂದಿನ ದಿನವಷ್ಟೇ ಚಿಕ್ಕಮ್ಮ ಎರಡು ಬಂಗುಡೆ ಉಂಡಿದ್ದಳು. ಪೇಪರಿನಲ್ಲಿ ಬರೆಯುವವನು ನಾನು, ಬೇರೆಯವರ ಸುಳ್ಳು ಹಿಡಿದು ಹೆಸರು ಮಾಡಿದವನು!

ಇಲ್ಲಿ ಮೊದಲ ಏಳು ದಿನ ಇದ್ದು ನೋಡುವ ಕ್ರಮ. ಹೊಂದಿಕೊಂಡರೆ ಸೇರಿಸಿಕೊಳ್ಳುತ್ತಾರೆ, ಊಟ ಬಿಟ್ಟು ಸೊರಗಿದರೆ ಮನೆಗೆ ಕಳಿಸುತ್ತಾರೆ. ಚಿಕ್ಕಮ್ಮ ಮೊದಲ ದಿನ ಎರಡು ತುತ್ತು ಉಂಡು ಬಟ್ಟಲು ದೂಡಿದಳು. ಎರಡನೆಯ ದಿನವೂ ಅಷ್ಟೆ. ಮೂರನೆಯ ದಿನ ಮೇಲ್ವಿಚಾರಕ ಶೇಖರ ಅವರು ಫೋನು ಮಾಡಿ, ಹೀಗೇ ಆದರೆ ಕಷ್ಟ ಎಂದರು. ಕಷ್ಟ ಅಂದರೆ ಏನೆಂದು ನಮಗೆ ಗೊತ್ತಿತ್ತು. ಮತ್ತೆ ಹೆದ್ದಾರಿ, ಮತ್ತೆ ಖಾಲಿ ಬುಟ್ಟಿ.

ನಾಲ್ಕನೆಯ ದಿನ ಮಧ್ಯಾಹ್ನ ನಾನು ಹೋದಾಗ ಪದ್ದಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನನ್ನು ಊಟದ ಕೋಣೆಯ ಬಾಗಿಲ ಬಳಿ ನಿಲ್ಲಿಸಿದರು. ಮಾತಾಡಬೇಡಿ, ಕೈ ಮಾತ್ರ ನೋಡಿ ಅಂದರು. ಒಳಗೆ ಚಿಕ್ಕಮ್ಮ ಕೂತಿದ್ದಳು. ಬಟ್ಟಲಲ್ಲಿ ಅನ್ನ, ತೊಗರಿಬೇಳೆ ಸಾರು. ಅವಳು ಒಂದು ತುತ್ತು ಕಲಸಿದಳು. ಹೆಬ್ಬೆರಳು ಮತ್ತು ಎರಡು ಬೆರಳುಗಳ ನಡುವೆ ಅದನ್ನು ಮೆಲ್ಲಗೆ ಒತ್ತಿದಳು, ಒತ್ತುತ್ತ ತಿರುಗಿಸಿದಳು, ಏನನ್ನೋ ಎಳೆದು ಬಟ್ಟಲ ಅಂಚಿಗೆ ಒರೆಸಿದಳು. ಅಲ್ಲಿ ಏನೂ ಇರಲಿಲ್ಲ. ಮತ್ತೆ ಒತ್ತಿ ನೋಡಿದಳು. ತುತ್ತು ಬಾಯಿಗೆ ಹೋಯಿತು. ಎರಡನೆಯ ತುತ್ತಿಗೂ ಹಾಗೇ ಮಾಡಿ ಕೈ ನಿಲ್ಲಿಸಿಬಿಟ್ಟಳು.

“ಎಂತ ಹುಡುಕುದ್ ಹೇಳಿ ಅವ್ರ್?” ಪದ್ದಕ್ಕ ಕೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗಾಯಿತು ನನ್ನ ಸ್ಥಿತಿ. ಗೊತ್ತಿಲ್ಲ ಎಂದೆ.

“ಮುಳ್ಳ್. ಮೂರ್ ದಿನದಿಂದ ಬೇಳೆ ಸಾರಂಗೆ ಮೀನ್ ಮುಳ್ಳ್ ಹುಡುಕ್ತಿದ್ರ್. ಬಾಯ್ ಮರ್ತ್ರೂ ಕೈ ಮರೂದಿಲ್ಲೆ ಮರ್ರೆ. ಅರ್ಜಿಯಂಗೆ ಮೀನ್ ಬಿಟ್ಟಿದ್ರ್ ಅಂದ್ ಬರ್ದದ್ ಯಾರ್?”

ನಾನೇ ಎಂದೆ. ಯಾಕೆಂದೂ ಹೇಳಿದೆ, ಅಂಗಳದಾಚೆಯ ಕಥೆಯನ್ನೆಲ್ಲ. ಅವರು ಬೈಯಲಿಲ್ಲ. ಗೇಟಿನಾಚೆ ಇಪ್ಪತ್ತು ಹೆಜ್ಜೆಯಲ್ಲಿರುವ ತಮ್ಮ ಮನೆಯನ್ನು ಕೈ ತೋರಿಸಿ ಹೇಳಿದರು. ಬುಧವಾರ, ಶುಕ್ರವಾರ, ಭಾನುವಾರ ಮಧ್ಯಾಹ್ನ ಅಲ್ಲಿ ಮೀನು ಸಾರು ಆಗುತ್ತದೆ. ಇಲ್ಲಿರುವವರಲ್ಲಿ ಐದು ಮಂದಿ ಆ ದಿನ ಅಲ್ಲಿ ಹೋಗಿ ಉಣ್ಣುತ್ತಾರೆ. ಹನ್ನೊಂದು ವರ್ಷದಿಂದ ನಡೆದು ಬಂದದ್ದು. ನಿನ್ನೆ ಬುಧವಾರವೂ ಹೋಗಿದ್ದರು. ಬಾಗಿ ಚಿಕ್ಕಮ್ಮನನ್ನು ಮಾತ್ರ ಯಾರೂ ಕರೆಯಲಿಲ್ಲ. ಮೀನು ಬಿಟ್ಟವರನ್ನು ಮೀನಿನ ಊಟಕ್ಕೆ ಕರೆಯುವುದು ಹೇಗೆ?

ಅಂದರೆ ಅವಳನ್ನು ನಾಲ್ಕು ದಿನ ಉಪವಾಸ ಕೆಡವಿದ್ದು ದೇವರೂ ಅಲ್ಲ, ಟ್ರಸ್ಟೂ ಅಲ್ಲ. ನನ್ನ ಕೈಬರಹ. ಅವತ್ತಿನಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಬೇರೆಯವರಾದರೆ ಗುಟ್ಟಾಗಿ ಒಂದು ತುಂಡು ಮೀನು ತಂದು ಬಟ್ಟಲಿನ ಅಡಿಗೆ ಇಡುತ್ತಿದ್ದರೇನೋ. ಪದ್ದಕ್ಕ ನನ್ನನ್ನೇ ಕರೆದುಕೊಂಡು ಶೇಖರ ಅವರ ಮೇಜಿನೆದುರು ನಿಲ್ಲಿಸಿದರು. “ದೇವ್ರಿಗೂ ಸುಳ್ ಹೇಳುಕಾಗ, ಹೊಟ್ಟಿಗೂ ಹೇಳುಕಾಗ” ಎಂದು ನನಗೆ ದಾರಿಯಲ್ಲೇ ಹೇಳಿಯಾಗಿತ್ತು. ಶೇಖರ ಅವರು ಅರ್ಜಿ ತೆಗೆದು ನನ್ನ ಸಾಲಿನ ಮೇಲೆ ಗೀಟೆಳೆದು, ಸರಿ ಮಾಡಿ ಬರೆಯಿರಿ ಎಂದು ಪೆನ್ನು ಕೊಟ್ಟರು. ಕಾನೂನು ಗೇಟಿನವರೆಗೆ, ಗೇಟಿನಾಚೆಗಿನ ಸಾರಿನ ಪರಿಮಳ ನಮ್ಮ ಸುಪರ್ದಿಗೆ ಬರುವುದಿಲ್ಲ ಎಂದು ನಕ್ಕರು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ಅಷ್ಟು ಸಲೀಸಾಗಿ ಬಾಳಿದ ಆಫೀಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮರುದಿನ ಶುಕ್ರವಾರ. ಪದ್ದಕ್ಕನ ಮನೆಯ ಜಗಲಿಯಲ್ಲಿ ಬಂಗುಡೆ ಸಾರು. ಚಿಕ್ಕಮ್ಮ ಬಟ್ಟಲಿನೊಳಗೆ ಬಗ್ಗಿ ನೋಡಿದಳು, ಮೂಸಿದಳು, ತುಂಡನ್ನು ಬೆರಳಲ್ಲಿ ಒತ್ತಿದಳು. ಐದು ದಿನದಲ್ಲಿ ಅವಳು ಆಡಿದ ಮೊದಲ ಪೂರ್ತಿ ಮಾತು ಆಗ ಬಂತು.

“ಇದ್ ನಿನ್ನಿ ಮೀನ್. ನಿಂಗೆ ಯಾರೋ ಟೋಪಿ ಹಾಕಿದ್ರ್ ಹೆಣೆ.”

ಹಾಗಂದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು. ಸ್ವಾತಿ ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಪದ್ದಕ್ಕನಿಗೆ ಬೈಗುಳ ಸಿಕ್ಕಿದ್ದಕ್ಕೆ ಆದ ಸಂತೋಷ ನೋಡಬೇಕಿತ್ತು. ಈಗ ಮೀನಿನ ದಿನ ಬೆಳಿಗ್ಗೆ ಸ್ಕೂಟರಿನ ಮೀನಿನವನು ಬಂದರೆ ಚಿಕ್ಕಮ್ಮನನ್ನು ತಮ್ಮ ಮನೆಯ ಜಗಲಿಗೆ ಕರೆತಂದು ಕೂರಿಸುತ್ತಾರೆ. ಅವಳು ಒಂದೊಂದರ ಕಿವಿರು ಎತ್ತಿ ನೋಡಿ ಹ್ಞೂಂ ಎಂದರೆ ಮಾತ್ರ ವ್ಯಾಪಾರ. ಖಾಲಿ ಬುಟ್ಟಿಯ ನೆನಪು ಅವಳಿಗೆ ಮತ್ತೆ ಬಂದಿಲ್ಲ. ಅವಳ ಕೆಲಸ ಅವಳಿಗೆ ಸಿಕ್ಕಿತಲ್ಲ.

ಮೀನು ಉಂಡ ದಿನ ಸಂಜೆ ಚಿಕ್ಕಮ್ಮನೂ ಸೇರಿ ಆ ಆರು ಮಂದಿ ಭಜನೆಗೆ ಒಳಗೆ ಹೋಗುವುದಿಲ್ಲ, ಹೊರಗಿನ ಜಗಲಿಯಲ್ಲಿ ಸಾಲಾಗಿ ಕೂರುತ್ತಾರೆ. ಯಾರೂ ಹೇಳಿದ್ದಲ್ಲ, ಅವರವರೇ ಮಾಡಿಕೊಂಡ ಕ್ರಮ. ಮೊದಲ ಸಲ ಚಿಕ್ಕಮ್ಮ ಹೊರಗೆ ಕೂತದ್ದು ಕಂಡು ನನಗೆ ಚುರ್ರೆಂದಿತು. ಆದರೆ ಒಳಗಿನವರು ಹಾಡು ಎತ್ತಿಕೊಳ್ಳಲು ಜಗಲಿಯ ಕಡೆಗೇ ಕಿವಿಗೊಟ್ಟು ಕಾಯುತ್ತಿದ್ದರು. ಮೊದಲು ಬೋಟಿಗೆ ಹೋಗುತ್ತಿದ್ದ ಗುಡ್ಡ ಎಂಬ ಅಜ್ಜನ ತಾಳ ಅಲ್ಲಿಂದ ಬಂದರೇನೇ ಭಜನೆ ಶುರು. ಹಾಡಿನಲ್ಲಿ ಒಳಗು ಹೊರಗು ಇರಲಿಲ್ಲ. ಮರುದಿನ ಮಿಂದು ಎಲ್ಲರೂ ಒಳಗೇ.

ಕೈ ನೋಡುವ ವಿದ್ಯೆ ಎಲ್ಲಿ ಕಲಿತಿರಿ ಎಂದು ಕೇಳಲು ನನಗೆ ಎರಡು ತಿಂಗಳು ಬೇಕಾಯಿತು. ಪದ್ದಕ್ಕ ಬಸ್ರೂರಿನ ಕಡೆಯವರು, ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟು ಹದಿನಾರಕ್ಕೆ ಹಂಚಿನ ಕಾರ್ಖಾನೆ ಸೇರಿದವರು. ಹಸಿ ಹಂಚು ಹೊತ್ತು ಹೊತ್ತು ಸೊಂಟ ಹೋಯಿತು, ಆಮೇಲೆ ಕಾರ್ಖಾನೆಯೂ ಮುಚ್ಚಿತು. ಮನೆಯಲ್ಲಿ ಅತ್ತೆ ಆರು ವರ್ಷ ಹಾಸಿಗೆ ಹಿಡಿದಿದ್ದರು, ಕೊನೆಯ ಎರಡು ವರ್ಷ ಮಾತೂ ಇರಲಿಲ್ಲ. ಕೊನೆಕೊನೆಗೆ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತ ಇರುತ್ತಿದ್ದರಂತೆ. ನರದ ತೊಂದರೆ ಇರಬೇಕೆಂದು ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು.

“ಅವ್ರಿಗೆ ಬೇಕಿದ್ದದ್ ಎಲೆಗೆ ಹಚ್ಚುಕೆ ಒಂಚೂರ್ ಸುಣ್ಣ. ಎರಡ್ ತಿಂಗ್ಳ್ ನಂಗೆ ಗೊತ್ತಾಯ್ಲಿಲ್ಲೆ. ಗೊತ್ತಾದ್ ದಿನ ಎಲೆ ಅಡ್ಕಿ ಬಾಯಂಗೆ ಇಟ್ಕಂಡ್ ನೆಗ್ಯಾಡಿದ್ರ್. ಮತ್ತೆ ಹದ್ನೈದ್ ದಿನಕ್ಕೆ ಹೋದ್ರ್. ಆ ಎರಡ್ ತಿಂಗ್ಳ್ ನಾನ್ ಯಾರಿಗೆ ವಾಪಸ್ ಕೊಡುದ್?”

ಅದಾದ ಮೇಲೆ, ಒಂದು ತಿಂಗಳ ಮಟ್ಟಿಗೆ ಪಾತ್ರೆ ತೊಳೆಯಲೆಂದು ಇಲ್ಲಿಗೆ ಬಂದವರು ಇಲ್ಲೇ ಉಳಿದರು. ನಾಲ್ಕಕ್ಕೆ ಏಳುತ್ತಾರೆ. ದಿನಕ್ಕೆ ಎಂಟು ತೆಂಗಿನಕಾಯಿ ತುರಿಯುತ್ತಾರೆ, ಮೂರು ಹೊತ್ತು ಇಪ್ಪತ್ತಾರು ಬಟ್ಟಲು ಬಡಿಸುತ್ತಾರೆ. ಬಡಿಸಿದ ಮೇಲೆ ಅಡುಗೆಮನೆಗೆ ಹಿಂದಿರುಗುವುದಿಲ್ಲ, ಬಾಗಿಲಿಗೆ ಒರಗಿ ನಿಂತು ಒಂದೊಂದು ಕೈಯನ್ನೂ ನೋಡುತ್ತಾರೆ. ಸಂದರ್ಶನಕ್ಕೆ ಕೂರಿ ಎಂದರೆ, ಅವ್ರೆಲ್ಲ ಉಂಡಾಗಲಿ ಎನ್ನುತ್ತಾರೆ. ಟ್ರಸ್ಟಿನ ವಾರ್ಷಿಕ ವರದಿಯ ಫೋಟೋಗಳಲ್ಲಿ ಅವರು ಎಲ್ಲೂ ಇಲ್ಲ. ಫೋಟೋ ತೆಗೆಯುವುದು ಊಟದ ಹೊತ್ತಿಗೇ ಅಂತೆ, ಆಗ ಬರಲು ಪುರುಸೊತ್ತೆಲ್ಲಿ?

ನನ್ನ ಹಾಗೆ ತಮ್ಮವರಿಗೊಂದು ಜಾಗ ಹುಡುಕುತ್ತಿರುವವರು ಈಗ ನನ್ನನ್ನು ಕೇಳುತ್ತಾರೆ, ಏನು ನೋಡಬೇಕು ಎಂದು. ನೆಲ, ಡಾಕ್ಟರು, ಪೂಜೆಯ ಹೊತ್ತು ಎಲ್ಲವನ್ನೂ ನೋಡಿ ಎನ್ನುತ್ತೇನೆ. ಊಟದ ಹೊತ್ತಿಗೆ ಹೋಗಿ, ಬಡಿಸಿದವರು ಆಮೇಲೆ ಎಲ್ಲಿ ನಿಲ್ಲುತ್ತಾರೆ ಎಂಬುದನ್ನೂ ನೋಡಿ. ಅರ್ಜಿಯಲ್ಲಿ ಸುಳ್ಳು ಬರೆಯಬೇಡಿ. ಪದ್ದಕ್ಕನ ಋಣ ತೀರಿಸಲು ನನ್ನಿಂದ ಆಗದು, ಇಷ್ಟಾದರೂ ಬರೆದೇನು.

ಇವತ್ತು ಗಂಜಿಯ ಕೆಲಸ ಮುಗಿದಿದೆ. ಪದ್ದಕ್ಕ ಬಾಗಿಲಿಗೆ ಒರಗಿ ನಿಂತಿದ್ದಾರೆ. ಒಳಗೆ ಬಾಗಿ ಚಿಕ್ಕಮ್ಮ ತನ್ನ ಪಿಂಗಾಣಿ ಬಟ್ಟಲಿನಿಂದ ಗಂಜಿ ಕುಡಿಯುತ್ತಿದ್ದಾಳೆ. ನಿಮಗೇನು ಬೇಕು ಪದ್ದಕ್ಕ, ಏನಾದರೂ ಆಸೆ ಉಂಟಾ ಎಂದು ಕೇಳುತ್ತೇನೆ. ಅವರು ಒಳಗಿನ ಕೈಗಳಿಂದ ಕಣ್ಣು ತೆಗೆಯದೆಯೇ ಹೇಳುತ್ತಾರೆ.

“ನಂಗೂ ಅರ್ವತ್ತ್ ಕಳೀತ್ ಅಲ್ದಾ. ಒಂದ್ ದಿನ ನಾನೂ ಮಾತ್ ಮರ್ತ್ ಎಲ್ಲೋ ಕೂಕಂತೆ. ಆಗ ನಂಗೆ ಬಡ್ಸಿದವ್ರ್ ಒಂದ್ ಗಳ್ಗಿ ನಿಂತ್ ನನ್ ಕೈ ಕಂಡ್ರೆ, ಅಷ್ಟ್ ಸಾಕ್.”