ಮನ್ನಾ ಮತ್ತು ಅವ್ವನ ರೊಟ್ಟಿ

ಆಸ್ಪತ್ರೆಯಿಂದ ಅವ್ವನನ್ನು ಮನೆಗೆ ಕರೆತಂದ ದಿನದಿಂದ ನಾನು ಅವಳ ಹಾಸಿಗೆಯನ್ನು ಪೊಲೀಸರ ಹಾಗೆ ತಪಾಸಣೆ ಮಾಡತೊಡಗಿದೆ. ದಿಂಬಿನ ಕೆಳಗೆ, ಕೌದಿಯ ಮಡಿಕೆಯಲ್ಲಿ, ಸೀರೆಯ ಟ್ರಂಕಿನಲ್ಲಿ, ಎಲ್ಲಿ ಕೈ ಹಾಕಿದರೂ ಒಂದು ಪ್ಲಾಸ್ಟಿಕ್ ಕವರ್, ಅದರೊಳಗೊಂದು ರೊಟ್ಟಿ. ಬಿಸಿ ಆರುವ ಮೊದಲೇ ಕಟ್ಟಿ ಅಡಗಿಸಿಟ್ಟಿದ್ದರಿಂದ ಬೆವರಿ, ಹಸಿರು ಬೂಸ್ಟು ಹಿಡಿದ ರೊಟ್ಟಿ. ಅವ್ವನಿಗೆ ಕಣ್ಣು ಹೆಚ್ಚುಕಡಿಮೆ ಕಾಣುವುದಿಲ್ಲ, ಮರೆವೂ ಹತ್ತಿದೆ. ಬೂಸ್ಟು ಹಿಡಿದದ್ದನ್ನೇ ತಿಂದು ವಾಂತಿ ಭೇದಿಯಾಗಿ, ಆ ಮಳೆಗಾಲದಲ್ಲಿ ಎರಡನೆಯ ಸಲ ಹೊಸಪೇಟೆಯ ಆಸ್ಪತ್ರೆ ಸೇರಿದ್ದಳು.

ಬಿಡುಗಡೆ ಮಾಡುವಾಗ ಡಾಕ್ಟರು ನನ್ನನ್ನು ಬಾಗಿಲ ಹೊರಗೆ ಕರೆದು ಹೇಳಿದರು. "ಈ ವಯಸ್ಸಿನಾಗ ಕಿಡ್ನಿ ತಡ್ಕೊಳ್ಳಂಗಿಲ್ರಿ. ಇನ್ನೊಂದು ಸಲ ಹಿಂಗಾತಂದ್ರ ನಮ್ಮ ಕೈಯಾಗ ಏನೂ ಇಲ್ಲ ನೋಡ್ರಿ."

ನನ್ನದು ಮೊದಲೇ ಸಿಡುಕು ಸ್ವಭಾವ. ಅದರ ಮೇಲೆ ಈ ಹೆದರಿಕೆ. ಬಿಸಿ ರೊಟ್ಟಿ ತಟ್ಟೆಗೆ ಹಾಕಿ ಕಣ್ಣು ಮಿಟುಕಿಸದೆ ಕಾವಲು ಕೂತರೂ ಅವಳು ಎರಡು ತುತ್ತು ತಿಂದು ಉಳಿದದ್ದನ್ನು ಎಲ್ಲಿ ಮಾಯ ಮಾಡುತ್ತಿದ್ದಳೋ ಗೊತ್ತಾಗುತ್ತಿರಲಿಲ್ಲ. ಕಣ್ಣು ಕಾಣದವಳು ಕಣ್ಣಿದ್ದವಳ ಕಣ್ಣಿಗೆ ಮಣ್ಣೆರಚುತ್ತಿದ್ದಳು.

ನಾವಿರುವುದು ಕಮಲಾಪುರದಲ್ಲಿ. ಹಂಪಿ ನೋಡಲು ಬರುವವರಿಗೆ ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಡುತ್ತೇನೆ. ಆಗ ಅಲ್ಲಿ ಇಸ್ರೇಲಿನ ಒಬ್ಬ ಹೆಂಗಸು ಇದ್ದಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಯಹೂದಿ ಧರ್ಮದ ಕಟ್ಟುನಿಟ್ಟು ಬಿಡದವಳು. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಕತ್ತಲಾಗುವ ತನಕ ಒಲೆ ಹಚ್ಚುವಂತಿಲ್ಲ. ಅದಕ್ಕೇ ಶುಕ್ರವಾರ ಮಧ್ಯಾಹ್ನ ತನ್ನದೇ ಬಾಣಲೆ ಹಿಡಿದುಕೊಂಡು ನನ್ನ ಅಡುಗೆಮನೆಗೆ ಇಳಿದು ಬರುತ್ತಿದ್ದಳು. ಗೋಧಿ ಹಿಟ್ಟಿನಲ್ಲಿ ದಪ್ಪನೆಯ ರೊಟ್ಟಿ ಸುಡುತ್ತಿದ್ದಳು, ಯಾವಾಗಲೂ ಎರಡೇ.

ಆ ಶುಕ್ರವಾರ ಅವಳು ಹಿಟ್ಟು ನಾದುತ್ತಿದ್ದಾಗಲೇ ನಮ್ಮ ಮನೆಯಲ್ಲಿ ರಂಪವಾಯಿತು. ಅಡುಗೆಮನೆಯ ಹೊಸ್ತಿಲ ಬಳಿ ಕೂತಿದ್ದ ಅವ್ವ ಸೆರಗಿನೊಳಗೆ ಏನನ್ನೋ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದು ಕಂಡಿತು. ಹಾರಿ ಹೋಗಿ ಕೈ ಹಿಡಿದೆ. ಮತ್ತದೇ ಕವರ್, ಅದೇ ನಾತ. ಬಾಯೊಳಗೆ ಬೆರಳು ಹಾಕಿ ತುಣುಕನ್ನು ತೆಗೆದೆ.

"ಬಿಡ್ಲೇ! ಕೆಟ್ಟಿಲ್ಲ ಅದು. ಜ್ವಾಳದ ರೊಟ್ಟಿ ಎಂದಾರ ಕೆಡ್ತೈತೇನು?"

ಅವಳ ಲೆಕ್ಕದಲ್ಲಿ ಅದು ಸುಳ್ಳಲ್ಲ. ಸಂಡೂರಿನ ಗಣಿಯಲ್ಲಿ ಅವಳು ಅದಿರಿನ ಕಲ್ಲು ಒಡೆಯುತ್ತಿದ್ದ ಕಾಲದಲ್ಲಿ, ಮಳೆ ಹಿಡಿದರೆ ಕೆಲಸ ನಿಲ್ಲುತ್ತಿತ್ತು. ಅದಕ್ಕೆ ಮುಂಚೆಯೇ ತೆಳ್ಳಗೆ ರೊಟ್ಟಿ ಬಡಿದು, ಕಟಕಟ ಒಣಗಿಸಿ, ಬಟ್ಟೆ ಸುತ್ತಿ ಬುಟ್ಟಿಯಲ್ಲಿ ಪೇರಿಸಿಡುತ್ತಿದ್ದಳು. ತಿಂಗಳಾದರೂ ಅದಕ್ಕೆ ಏನೂ ಆಗುತ್ತಿರಲಿಲ್ಲ. ಹಲ್ಲು ಬಿದ್ದ ಮೇಲೆ ನಾನು ಮೆತ್ತನೆಯ ರೊಟ್ಟಿ ಮಾಡಿಕೊಡತೊಡಗಿದೆ. ಒಣಗಿಸಿದ ಆ ಕಟಕ ರೊಟ್ಟಿಯ ಭರವಸೆಯನ್ನು ಅವಳು ಮೆತ್ತನೆಯ ರೊಟ್ಟಿಯ ಮೇಲೂ ಇಟ್ಟಿದ್ದಳು.

"ಸಾಯ್ತೀ ಅವ್ವಾ, ಸಾಯ್ತೀ! ಎಷ್ಟು ಸಲ ಹೇಳ್ಬೇಕು ನಿಂಗ?" ಎಂದು ಕಿರುಚಿ ಕವರನ್ನು ತಿಪ್ಪೆಗೆ ಎಸೆದು ಬಂದೆ. ಅವ್ವ ಅಳಲಿಲ್ಲ. ಗೋಡೆ ಹಿಡಿದುಕೊಂಡು ಹೋಗಿ ಹಾಸಿಗೆಯಲ್ಲಿ ಮುಖ ತಿರುಗಿಸಿ ಮಲಗಿದಳು. ಗಂಜಿ ಒಯ್ದರೆ "ಉಣ್ಣಂಗಿಲ್ಲ" ಎಂದಳು. ಊಟವಿಲ್ಲದೆ ಮಾತ್ರೆ ನುಂಗಿಸುವಂತಿರಲಿಲ್ಲ. ತಿಂದರೆ ವಿಷ, ತಿನ್ನದಿದ್ದರೆ ಉಪವಾಸ, ಎರಡರ ನಡುವೆ ಸಿಕ್ಕ ನಾನು ಅಡುಗೆಮನೆಗೆ ಬಂದು ಗಂಜಿಯ ಬಟ್ಟಲನ್ನು ಕುಕ್ಕಿದೆ.

ಇಸ್ರೇಲಿನವಳು ಏನಾಯಿತೆಂದು ಕೇಳಿದಳು. ನನಗೆ ಬರುವ ಇಂಗ್ಲಿಷಿನಲ್ಲಿ ಒದರಿಕೊಂಡೆ. ಅವಳು ರೊಟ್ಟಿ ತಿರುವಿಹಾಕುತ್ತ ತನ್ನ ಜನರ ಕಥೆ ಹೇಳಿದಳು. ಅವಳ ಪೂರ್ವಿಕರು ಗುಲಾಮಗಿರಿಯಿಂದ ಪಾರಾಗಿ ಮರುಭೂಮಿಯಲ್ಲಿ ಅಲೆಯುವಾಗ ದೇವರು ಆಕಾಶದಿಂದ ಆಹಾರ ಸುರಿಸಿದನಂತೆ. ಅದರ ಹೆಸರು ಮನ್ನಾ. ಬೆಳಗ್ಗೆ ಇಬ್ಬನಿಯ ಜೊತೆ ನೆಲದ ಮೇಲೆ ಬಿದ್ದಿರುತ್ತಿತ್ತು. ಡೇರೆಯಲ್ಲಿ ಎಷ್ಟು ತಲೆಗಳಿವೆಯೋ ಅಷ್ಟು ಅಳತೆ ಆರಿಸಿಕೊಳ್ಳಬೇಕು, ಅಂದಂದಿನದು ಅಂದೇ ಮುಗಿಸಬೇಕು. ನಾಳೆಗೆಂದು ಇಟ್ಟರೆ ಹುಳ ಬಿದ್ದು ನಾರುತ್ತಿತ್ತು.

"ನಿಮ್ಮ ದೇವರು ನನ್ನ ಕಡೆ ಇದ್ದಾನೆ. ಹೋಗಿ ನಮ್ಮವ್ವನಿಗೆ ಇದನ್ನೇ ಹೇಳು" ಎಂದೆ.

ಅವಳು ನಗಲಿಲ್ಲ. ಶುಕ್ರವಾರ ಮಾತ್ರ ಎರಡರಷ್ಟು ಬೀಳುತ್ತಿತ್ತು, ಅದು ಮರುದಿನಕ್ಕೂ ಕೆಡುತ್ತಿರಲಿಲ್ಲ, ಶನಿವಾರ ವಿಶ್ರಾಂತಿಯ ದಿನ, ಅಂದು ಬೀಳುತ್ತಿರಲಿಲ್ಲ ಎಂದಳು. ಅದಕ್ಕೇ ತಾನು ಸುಡುವುದೂ ಎರಡು ರೊಟ್ಟಿ. ಮನ್ನಾದ ಕೆಳಗೂ ಮೇಲೂ ಇಬ್ಬನಿ ಇರುತ್ತಿತ್ತಂತೆ, ಅದಕ್ಕೇ ತನ್ನ ರೊಟ್ಟಿಯ ಕೆಳಗೊಂದು ಬಟ್ಟೆ, ಮೇಲೊಂದು ಬಟ್ಟೆ. ಆಮೇಲೆ ಇನ್ನೊಂದು ಮಾತು ಹೇಳಿದಳು. ಅವರ ಧರ್ಮಗ್ರಂಥ ಮನ್ನಾವನ್ನು ಅನ್ನ ಎನ್ನುವಲ್ಲೇ ಸಂಕಟ ಎಂದೂ ಹೇಳುತ್ತದಂತೆ. ದೇವರು ದಿನಾ ಉಣಿಸುತ್ತಿದ್ದರೆ ಸಂಕಟ ಯಾಕೆ ಎಂದು ಅವರ ಹಿರಿಯರು ಚರ್ಚೆ ಮಾಡಿದ್ದಾರೆ. ಒಬ್ಬರು ಹೇಳಿದ್ದು, ಬುಟ್ಟಿಯಲ್ಲಿ ರೊಟ್ಟಿ ಇಟ್ಟುಕೊಂಡವನೂ ಇಲ್ಲದವನೂ ಒಂದೇ ಅಲ್ಲ ಅಂತ. ಇನ್ನೊಬ್ಬರು ಹೇಳಿದ್ದು, ಉಣ್ಣುವುದನ್ನು ಕಣ್ಣಿಂದ ಕಾಣದವನಿಗೆ ಉಂಡ ಹಾಗಾಗುವುದಿಲ್ಲ ಅಂತ.

"ನೀನು ದಿನಾ ಅವಳ ಬುಟ್ಟಿ ಖಾಲಿ ಮಾಡುತ್ತಿದ್ದೀಯ. ಅವಳಿಗೆ ಕಣ್ಣೂ ಇಲ್ಲ" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಬಾಡಿಗೆಗೆ ಬಂದವಳು ನನಗೆ ಬುದ್ಧಿ ಹೇಳುತ್ತಾಳೆ. ಅವ್ವನ ವಾಂತಿಯ ಬಟ್ಟೆ ಒಗೆದವಳು ನಾನೋ ನೀನೋ ಎಂದು ಕೇಳಿಯೇಬಿಟ್ಟೆ. ಅವಳು ತಪ್ಪಾಯಿತೆಂದು ಕೈ ಮುಗಿದು, ತನ್ನ ರೊಟ್ಟಿಗಳನ್ನು ಬಟ್ಟೆಯಲ್ಲಿ ಮುಚ್ಚಿಕೊಂಡು ಮೇಲೆ ಹೋದಳು.

ಬೈದದ್ದೇನೋ ಬೈದೆ, ಮಾತು ಮಾತ್ರ ಕಿವಿಯಲ್ಲೇ ಉಳಿಯಿತು. ಹೊತ್ತು ಇಳಿಯುತ್ತಿತ್ತು, ಅವ್ವ ಬೆಳಗಿನ ಎರಡು ತುತ್ತು ಬಿಟ್ಟರೆ ಏನೂ ಉಂಡಿರಲಿಲ್ಲ. ಕರೆದರೆ ಓಗೊಡುವ ದನಿಯೂ ಸಣ್ಣಗಾಗಿತ್ತು. ಕೊನೆಗೆ ಹೆಂಚಿಟ್ಟು ಒಂದು ಮೆತ್ತನೆಯ ರೊಟ್ಟಿ ಮಾಡಿದೆ. ಇನ್ನೊಂದನ್ನು ಹಪ್ಪಳದ ಹಾಗೆ ತೆಳ್ಳಗೆ ಬಡಿದು, ಸಣ್ಣ ಉರಿಯಲ್ಲಿ ತೇವವೆಲ್ಲ ಹೋಗುವ ತನಕ ಒಣಗಿಸಿದೆ. ಇಟ್ಟುಕೊಳ್ಳಲೇಬೇಕೆಂದರೆ ಕೆಡದಿರುವುದನ್ನೇ ಇಟ್ಟುಕೊಳ್ಳಲಿ. ಕಟಕ ರೊಟ್ಟಿಯನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿ, ಬುಟ್ಟಿಯನ್ನು ಅವಳ ಮಗ್ಗುಲಿಗೆ ಇಟ್ಟೆ. ಅವಳನ್ನು ಎಬ್ಬಿಸಿ ಕೂರಿಸಿ ಕೈ ಹಿಡಿದು ಮುಟ್ಟಿಸಿದೆ.

"ನೋಡವ್ವಾ, ಈ ಬಿಸೀದು ಈಗ ಉಣ್ಣಾಕ. ಬುಟ್ಟ್ಯಾಗಿಂದು ನಾಳಿಗೆ. ಇನ್ನ ಯಾರೂ ಕಸ್ಗೊಳ್ಳಂಗಿಲ್ಲ."

ಅವ್ವ ನಂಬಲಿಲ್ಲ. ಬಟ್ಟೆಯೊಳಗೆ ಕೈ ತೂರಿಸಿ ಮುಟ್ಟಿದಳು, ಮೂಸಿದಳು. ಆಮೇಲೆ ಬಿಸಿ ರೊಟ್ಟಿಯನ್ನು ಸರಕ್ಕನೆ ಸೆರಗಿನೊಳಗೆ ಸೇರಿಸಿ, ಕಟಕ ರೊಟ್ಟಿಯ ಚೂರು ಮುರಿದು ಹಲ್ಲಿಲ್ಲದ ಬಾಯಿಗೆ ಇಟ್ಟುಕೊಂಡಳು. ಅದು ಅವಳ ವಸಡಿಗೆ ಚುಚ್ಚುತ್ತಿತ್ತು. ಬಾಯಿಗೆ ಬಂದ ಕೂಗನ್ನು ಹೇಗೆ ನುಂಗಿಕೊಂಡೆನೋ ತಿಳಿಯದು.

"ಬಿಸೀದು ಬಿಟ್ಟು ಅದ್ಯಾಕವ್ವಾ?"

"ಒಣಗಿದ್ದು ಹಳೇದು, ನನಗಿರ್ಲಿ. ಬಿಸೀದು ಕೂಸಿಗೆ."

"ಯಾವ ಕೂಸಿಗೆ?"

"ನನ್ನ ಕೂಸಿಗೆ. ಇನ್ನೇನ್ ಸಾಲಿಂದ ಬರ್ತೈತಿ, ಭಾಳ ಹಸದಿರ್ತೈತಿ."

ಅವ್ವ ಹೆತ್ತದ್ದು ನನ್ನೊಬ್ಬಳನ್ನೇ. ದಿಂಬಿನ ಕೆಳಗಿನ ಆ ಕವರುಗಳೆಲ್ಲ ಯಾರಿಗೆಂದು ಆಗ ತಿಳಿಯಿತು. ಬಿಸಿಯದನ್ನು ನನಗೆಂದು ಎತ್ತಿಡುತ್ತಿದ್ದಳು. ಶಾಲೆಯಿಂದ ನಾನು ಬರುತ್ತಿರಲಿಲ್ಲ. ಬಾರದ ಕೂಸಿನ ರೊಟ್ಟಿ ಹಳಸಿದ ಮೇಲೆ, ಹಳೆಯದು ತನಗೆ ಎಂದು ತಿನ್ನುತ್ತಿದ್ದಳು. ನನ್ನ ಪಾಲನ್ನು ನಾನೇ ಕಿತ್ತು ತಿಪ್ಪೆಗೆ ಎಸೆಯುತ್ತಿದ್ದೆ. ಅಳು ಬಂತು, ಆದರೆ ಅಳುವುದಕ್ಕೆ ಅದು ಹೊತ್ತಾಗಿರಲಿಲ್ಲ. ಅವಳಿನ್ನೂ ಉಂಡಿರಲಿಲ್ಲ.

"ಕೂಸು ಬಂದೈತವ್ವಾ. ಇಲ್ಲೇ ಕುಂತೈತಿ. ಹಸಿವ್ಯಾಗೈತಿ, ಕೊಡು" ಎಂದೆ.

ಅವ್ವ ದನಿ ಬಂದ ಕಡೆ ಕಿವಿಗೊಟ್ಟಳು. ಕೊನೆಗೆ ಸೆರಗಿನಿಂದ ರೊಟ್ಟಿ ತೆಗೆದು, ಅರ್ಧ ಮುರಿದು, ಕತ್ತಲಲ್ಲಿ ತಡವುವವಳ ಹಾಗೆ ನನ್ನ ಬಾಯಿ ಹುಡುಕಿ ಇಟ್ಟಳು. ನಾನು ತಿಂದೆ. ಅವಳು ನನ್ನ ದವಡೆಯ ಮೇಲೆ ಅಂಗೈ ಇಟ್ಟುಕೊಂಡು, ನಾನು ನಿಜವಾಗಿ ಜಗಿಯುತ್ತಿದ್ದೇನೋ ಇಲ್ಲವೋ ನೋಡುತ್ತಿದ್ದಳು. ನಾನು ನುಂಗಿದ್ದು ಕೈಗೆ ತಿಳಿಯುವ ತನಕ ತೆಗೆಯಲಿಲ್ಲ.

"ತುಂಬ್ತೇನು ಹೊಟ್ಟಿ?"

"ತುಂಬ್ತವ್ವಾ."

ಆಮೇಲೆ ಉಳಿದರ್ಧ ಬಿಸಿ ರೊಟ್ಟಿಯನ್ನು ಅವ್ವ ತಾನು ಉಂಡಳು.