ಎದುರಿಗೆ ಬರುವ ಅದೇ ಗಾಡಿ

ಬೇರೆಯವರಿಗೆ ತಮ್ಮ ಬೈಕಿನಂಥದೇ ಬೈಕು ಗಳಿಗೆಗೊಂದು ಕಾಣುತ್ತೆ. ನನ್ನದು ಕಂಪನಿಯೇ ಮಾಡೋದು ಬಿಟ್ಟ ಹಳೇ ಗಾಡಿ. ಚಾಂಪಿಯನ್ ರೀಫ್ಸ್‌ನಿಂದ ಕ್ಯಾಸಂಬಳ್ಳಿಗೆ ಕೆಲಸಕ್ಕೆ ಹೋಗುವಾಗ ಅಂಥದ್ದು ಒಂದೇ ಒಂದು ಎದುರಾಗುತ್ತಿತ್ತು, ಹಾಲಿನ ಕ್ಯಾನು ನೇತುಹಾಕಿಕೊಂಡು. ಸವಾರನ ಹೆಸರೂ ಗೊತ್ತಿಲ್ಲ. ದಿನಾ ಇಬ್ಬರೂ ಹಾರನ್ ಹೊಡೆದು ಮುಂದೆ ಹೋಗುತ್ತಿದ್ದೆವು.

ಆಮೇಲೆ ಒಂದಷ್ಟು ದಿನ ಅವನು ಕಾಣಲೇ ಇಲ್ಲ. ಗಾಡಿನ ಗುಜರಿಗೆ ಹಾಕಿಬಿಟ್ಟನೇನೋ ಅಂತ ಹೆದರಿದೆ. ಮೊನ್ನೆ ಗಾಡಿ ಬಂತು, ಮೇಲೆ ಒಬ್ಬ ಹೆಂಗಸು! ಹಾರನ್ ಹೊಡೆದು ನಿಲ್ಲಿಸಿದಳು.

"ನಮ್ಮೆಜಮಾನ್ರು ಗಾಡಿಯಿಂದ ಬಿದ್ದು ಕಾಲು ಮುರ್ಕಂಡವ್ರೆ. ಇಂತದೇ ಗಾಡಿಯವ್ರು ಎದುರಿಗೆ ಬತ್ತಾರೆ, ಮರೀದೆ ಆರನ್ ಒಡಿ ಅಂದವ್ರೆ."

"ಅಯ್ಯೋ! ಗಾಡಿಗೇನೂ ಆಗಿಲ್ವಲ್ಲ?" ಅಂದುಬಿಟ್ಟೆ.

ಅವಳು ನಕ್ಕಳು. "ಅವ್ರೂ ಆಸ್ಪತ್ರೇಲಿ ಕಣ್ ಬಿಟ್ಟ ತಕ್ಷಣ ಕೇಳಿದ್ದು ಇದನ್ನೇ."